ಮೊದಲು ನೀರು, ಆಮೇಲೆ ಹಲಗೆ

ಅಪ್ಪೀ, ಸಿಂಕಿನ ಅಡಿಯ ಹಲಗೆ ಕುಸಿದಿದೆ, ಆಚಾರಿಯನ್ನು ಕರೆಸಿ ಬದಲಿಸಿಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಸ್ವಲ್ಪ ತಡಿ. ಆಚಾರಿಗೆ ಇನ್ನೂ ಹೇಳಿಕಳಿಸಬೇಡ. ಈಗ ಆರಿದ್ರಾ ಮಳೆ ಹೊಯ್ಯುತ್ತಿದೆ. ಈ ಹೊತ್ತಿನಲ್ಲಿ ಹೊಸ ಹಲಗೆ ಹೊಡೆಸಿದರೆ ಬರುವ ವರ್ಷದ ಆರಿದ್ರೆಗೆ ಅದೂ ಮೆತ್ತಗಾಗಿರುತ್ತದೆ. ಎಲ್ಲಿಂದಲೋ ನೀರು ಬರುತ್ತಿದೆ, ಬಂದ ನೀರಿಗೆ ಹೋಗಲು ದಾರಿಯಿಲ್ಲ. ಇವೆರಡೂ ಇತ್ಯರ್ಥವಾಗುವ ತನಕ ಮರದ ಕೆಲಸ ಮಾಡಿಸುವುದೆಂದರೆ ದುಡ್ಡು ದಂಡ.

ನಿಮ್ಮ ಕಾನಸೂರು ಬೆಂಗಳೂರಲ್ಲ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕಂಡ ಮಾಡ್ಯುಲರ್ ಕಿಚನ್ನನ್ನೇ ನೀನು ಇಲ್ಲಿ ಕೂರಿಸಿದ್ದೀಯ. ನೋಡಲು ಚಂದವೇ, ಗೃಹಪ್ರವೇಶದ ದಿನ ನಾನೂ ಮೆಚ್ಚಿದ್ದೆ. ಆದರೆ ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ನಮ್ಮ ಶಿರಸಿ, ಸಿದ್ದಾಪುರದ ಕಡೆಗೆ ಅದರ ಎರಡೂವರೆ ಮೂರು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಗಾಳಿಯೇ ಒದ್ದೆ. ಹೊರಗೆ ಹರವಿದ ಬಟ್ಟೆ ಒಣಗದ ಊರಿನಲ್ಲಿ ಬಾಗಿಲು ಮುಚ್ಚಿದ ಕಪಾಟಿನ ಹಲಗೆ ತಾನಾಗಿ ಒಣಗೀತು ಎಂದು ಕಾಯಬೇಡ.

ನಿನ್ನ ಅಜ್ಜಿಯ ಕಾಲದಲ್ಲಿ ಅಡುಗೆಮನೆಯೊಳಗೆ ಪಾತ್ರೆ ತೊಳೆಯುವ ರೂಢಿಯೇ ಇರಲಿಲ್ಲ. ಹಿತ್ತಿಲ ಕಡೆಯ ಕಲ್ಲಿನ ಮೇಲೆ ತೊಳೆದ ನೀರು ಬಾಳೆಬುಡಕ್ಕೆ, ಕೆಸುವಿನ ಹಾಳಿಗೆ, ಅಕ್ಕಚ್ಚು ಕೊಟ್ಟಿಗೆಗೆ. ಆಮೇಲೆ ಕಡಪ ಕಲ್ಲಿನ ಕಟ್ಟೆ ಬಂತು, ಸಿಂಕು ಬಂತು. ಸಿಂಕಿನ ಅಡಿಯಲ್ಲಿ ಇನ್ನೊಂದು ಕಡಪ ಕಲ್ಲು, ಮುಂದೆ ಹಳೇ ಸೀರೆಯ ಪರದೆ, ಅಷ್ಟೇ. ಚಂದವೇನೂ ಇರಲಿಲ್ಲ, ಆದರೆ ಸೋರಿದ್ದು ಕಣ್ಣಿಗೆ ಬೀಳುತ್ತಿತ್ತು, ಗಾಳಿ ಆಡುತ್ತಿತ್ತು. ಬಾಗಿಲು ಬಂದ ಮೇಲೆ ಕಷ್ಟ ಶುರುವಾಯಿತು. ಒಳಗೆ ಏನಾಗುತ್ತಿದೆ ಎಂಬುದು ಬೂಷ್ಟಿನ ವಾಸನೆ ಮೂಗಿಗೆ ಬಡಿಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲು ಕಪಾಟು ಖಾಲಿ ಮಾಡು. ಫಿನಾಯಿಲು, ಸೋಪಿನ ಪುಡಿ, ಯಾವ ಕಾಲದ್ದೋ ಬಣ್ಣದ ಡಬ್ಬಿ, ನಿನ್ನ ಆಯಿ ಜೋಪಾನ ಮಾಡಿಟ್ಟ ಪ್ಲಾಸ್ಟಿಕ್ ಕೊಟ್ಟೆಗಳ ಗಂಟು, ಎಲ್ಲ ಹೊರಗೆ ಬರಲಿ. ಗ್ಯಾಸ್ ಸಿಲಿಂಡರನ್ನೂ ಅಲ್ಲೇ ಇಟ್ಟಿದ್ದೀಯಂತೆ. ಅದನ್ನು ಮತ್ತೆ ಅಲ್ಲಿಗೆ ಸೇರಿಸಬೇಡ. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೊ, ಕಬ್ಬಿಣ ಸೇರಿದರೆ 30 ಕಿಲೊ ಹತ್ತಿರ. ನೆನೆದ ಹಲಗೆ ಆ ಭಾರಕ್ಕೆ ಕುಸಿಯದೆ ಇನ್ನೇನಾದೀತು? ಭಾರಕ್ಕಿಂತ ದೊಡ್ಡ ಮಾತೊಂದಿದೆ. ಅಡುಗೆ ಅನಿಲ ಗಾಳಿಗಿಂತ ತೂಕದ್ದು. ಸೋರಿದರೆ ಮೇಲೆ ಹಾರಿಹೋಗದೆ ತಳದಲ್ಲೇ ಕೂರುತ್ತದೆ. ಬುಡದಲ್ಲಿ ಗಾಳಿಕಂಡಿಯಿಲ್ಲದ, ಬಾಗಿಲು ಹಾಕಿದ ಕಪಾಟು ಅದಕ್ಕೆ ತಕ್ಕ ಜಾಗವಲ್ಲ. ಸಿಲಿಂಡರಿನ ಬುಡದ ಬಳೆಯ ತುಕ್ಕು ಹಲಗೆಯ ಮೇಲೆ ಉಂಗುರದ ಗುರುತು ಮಾಡಿದೆಯೋ ನೋಡು. ಮಾಡಿದ್ದರೆ ಅಲ್ಲಿ ಒದ್ದೆ ಮೊನ್ನೆ ಮೊನ್ನೆಯದಲ್ಲ, ಬಹಳ ಕಾಲದ್ದು.

ಇನ್ನು ನೀರು ಹುಡುಕುವ ಕೆಲಸ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಡು, ಅವಸರ ಬೇಡ. ಬ್ಯಾಟರಿ ಹಿಡಿದು ಒಳಗೆ ತಲೆ ಹಾಕಿ ಪೈಪು, ತಿರುಪು, ಗೋಡೆ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸು. ತಳಕ್ಕೆ ಹಳೇ ಪೇಪರು ಹಾಸು. ಆಮೇಲೆ ಒಂದೊಂದೇ ಪರೀಕ್ಷೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಸೋರಿದ್ದು ಯಾವುದು ಎಂದು ತಿಳಿಯುವುದಿಲ್ಲ.

ಮೊದಲು ಬರುವ ನೀರು. ಸಿಂಕಿನಲ್ಲಿ ದೊಡ್ಡ ಪಾತ್ರೆಯಿಟ್ಟು ಅದರೊಳಗೆ ನಲ್ಲಿ ಬಿಡು. ಸಿಂಕಿನ ತೂತಿಗೆ ಒಂದು ಹನಿಯೂ ಹೋಗಬಾರದು. ಆಗಲೂ ಕೆಳಗಿನ ಪೇಪರು ನೆನೆದರೆ ತಪ್ಪು ಬರುವ ಕಡೆಯದು: ಗೋಡೆಯ ಆಂಗಲ್ ಕಾಕು, ಅಲ್ಲಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪು, ಇಲ್ಲವೇ ನಲ್ಲಿಯ ಬುಡ. ಬೆರಳಿಗೆ ಟಿಶ್ಯೂ ಕಾಗದ ಸುತ್ತಿ ಪ್ರತಿ ತಿರುಪಿನ ಅಡಿಯನ್ನೂ ಮುಟ್ಟಿ ನೋಡು. ಕಣ್ಣಿಗೆ ಕಾಣದ ಒದ್ದೆಯನ್ನು ಕಾಗದ ತೋರಿಸಿಕೊಡುತ್ತದೆ.

ಪೇಪರು ಒಣಗಿಯೇ ಇದ್ದರೆ ಪಾತ್ರೆ ತೆಗೆದು, ತೂತಿಗೆ ಬಿರಡೆ ಹಾಕಿ, ಸಿಂಕನ್ನು ಕಂಠಮಟ್ಟ ತುಂಬಿಸಿ ಅರ್ಧ ತಾಸು ಬಿಡು. ಈಗ ತೊಟ್ಟಿಕ್ಕಿದರೆ ಸಿಂಕಿನ ತೂತಿನ ಕಪ್ಲಿಂಗ್ ಸಡಿಲ. ತೊಟ್ಟಿಕ್ಕದಿದ್ದರೆ ಬಿರಡೆ ಕಿತ್ತು ಒಮ್ಮೆಲೇ ನೀರು ಹರಿಯಬಿಡು. ದಿನಾ ಸಣ್ಣಗೆ ನೀರು ಹೋಗುವಾಗ ಸುಮ್ಮನಿರುವ ಪೈಪು, ತುಂಬಿದ ಸಿಂಕಿನ ನೀರು ನುಗ್ಗಿದಾಗ ಬಾಯಿ ಬಿಡುತ್ತದೆ.

ಇದಕ್ಕೊಂದು ಉಪಾಯ ಹೇಳುತ್ತೇನೆ. ಸಿಂಕಿನ ನೀರಿಗೆ ಒಂದು ಚಮಚ ಅರಿಶಿನ ಕದಡು. ಕೆಳಗಿನ ಪೇಪರಿಗೆ ಕವಳದ ಸುಣ್ಣವನ್ನು ತೆಳ್ಳಗೆ ಬಳಿದಿಡು. ಅರಿಶಿನದ ನೀರು ಒಂದೇ ಹನಿ ಬಿದ್ದರೂ ಅಲ್ಲಿ ಕೆಂಪು ಚುಕ್ಕೆ ಮೂಡುತ್ತದೆ. ಆರತಿಗೆ ಓಕುಳಿ ಮಾಡುವುದೂ ಈ ಎರಡರಿಂದಲೇ ತಾನೆ. ಚುಕ್ಕೆಯ ನೇರ ಮೇಲೆಯೇ ಸೋರುತ್ತಿದೆ ಎಂದು ಮಾತ್ರ ಗಟ್ಟಿ ಮಾಡಿಕೊಳ್ಳಬೇಡ. ಹನಿ ಪೈಪಿನ ಮೈಮೇಲೆ ಜಾರಿಕೊಂಡು ಬಂದು ತಗ್ಗಿನಲ್ಲಿ ಬೀಳುತ್ತದೆ. ಚುಕ್ಕೆಯಿಂದ ಹಿಮ್ಮುಖವಾಗಿ ಪೈಪಿನುದ್ದಕ್ಕೂ ಹಳದಿಯ ಜಾಡು ಹಿಡಿದು ಹೋಗು. ಅಂಗಿಗೆ ಕಲೆಯಾದರೆ ನನ್ನನ್ನು ಬಯ್ಯಬೇಡ, ಹಳೇದನ್ನೇ ಹಾಕಿಕೊ.

ಕೊನೆಯದು ಮೇಲಿನ ನೀರು. ಲೋಟದಲ್ಲಿ ನೀರು ತಂದು ಸಿಂಕಿನ ಅಂಚಿಗೆ, ಕಟ್ಟೆಕಲ್ಲು ಗೋಡೆಗೆ ಸೇರುವ ಸಂದಿಗೆ, ನಲ್ಲಿಯ ಸುತ್ತ ನಿಧಾನವಾಗಿ ಹೊಯ್ಯಿ. ಪಾತ್ರೆ ತೊಳೆಯುವಾಗ ಚಿಮ್ಮಿದ್ದೆಲ್ಲ ನಿಲ್ಲುವುದು ಅಲ್ಲೇ. ಸಿಲಿಕಾನ್ ಅಂಟು ಎದ್ದಿದ್ದರೆ ನಿಂತದ್ದಷ್ಟೂ ಕೆಳಗಿಳಿಯುತ್ತದೆ. ಪೈಪು ಸೋರುತ್ತದೆ ಎಂದು ಪೈಪನ್ನೇ ಬಯ್ಯುವವರ ಮನೆಯಲ್ಲಿ ನಾನು ಕಂಡದ್ದು ಬಹಳ ಸಲ ಈ ಸಂದಿನ ಸೋರಿಕೆ. ಮದ್ದು ಸುಲಭ, ಆದರೆ ಸರಿಯಾಗಿ ಮಾಡಬೇಕು. ಹಳೇ ಅಂಟನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು ತೆಗೆದು, ಜಿಡ್ಡು ಒರೆಸಿ, ಒಣಗಿಸಿ, ಆಮೇಲೆ ಹೊಸದು ತುಂಬಬೇಕು. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ, ಒದ್ದೆ ಕಲ್ಲಿನ ಮೇಲಂತೂ ಇಲ್ಲವೇ ಇಲ್ಲ. ತುಂಬಿದ ಮೇಲೆ ಒಂದು ಹಗಲು ಒಂದು ರಾತ್ರಿ ಅಲ್ಲಿ ನೀರು ಮುಟ್ಟಿಸಬಾರದು. ಅಷ್ಟು ಹೊತ್ತು ಬಚ್ಚಲಲ್ಲಿ ಪಾತ್ರೆ ತೊಳೆದರೆ ಯಾರ ಮಾನವೂ ಹೋಗುವುದಿಲ್ಲ.

ನಿಮ್ಮ ಮನೆಗೆ ಇನ್ನೊಂದು ತಾಪತ್ರಯ ಇದೆ. ಪೇಟೆಯ ಪ್ಲಂಬರಿಗೆ ಅದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ನಿಮಗೆ ಬರುವುದು ಗುಡ್ಡದ ಅಬ್ಬಿ ನೀರು, ಪೈಪಿನಲ್ಲಿ ತಾನಾಗಿ ಇಳಿದು ನೇರ ನಲ್ಲಿಗೆ. ಪಂಪು ಬೇಡ, ಕರೆಂಟು ಬೇಡ, ಪುಣ್ಯದ ನೀರು. ಆದರೆ ನೀರಿನ ಎತ್ತರ 10 ಮೀಟರ್ ಹೆಚ್ಚಿದಂತೆಲ್ಲ ಕೆಳಗೆ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ ಹೆಚ್ಚುತ್ತದೆ. ನೀರಿನ ಹೊಂಡ ಅಡುಗೆಮನೆಗಿಂತ 40 ಮೀಟರ್ ಮೇಲಿದ್ದರೆ ನಲ್ಲಿಯ ಮೇಲೆ ನಾಲ್ಕು ಕಿಲೊ ಒತ್ತಡ ಕೂತಿರುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಇರುವುದು ಅದರ ಹತ್ತರಲ್ಲೊಂದು ಪಾಲು. ಹಗಲು ಕೊಟ್ಟಿಗೆಯಲ್ಲೋ ತೋಟದಲ್ಲೋ ಎಲ್ಲಾದರೂ ನೀರು ಬಿಟ್ಟಿರುತ್ತೀರಿ, ಒತ್ತಡ ತಗ್ಗಿರುತ್ತದೆ. ರಾತ್ರಿ ಎಲ್ಲ ನಲ್ಲಿ ಬಂದ್ ಆದ ಮೇಲೆ ಪೂರ್ತಿ ಭಾರ ಆ ತೆಳ್ಳನೆಯ ಕನೆಕ್ಷನ್ ಪೈಪಿನ ಮೇಲೆ. ಹಗಲು ಎಷ್ಟು ಹುಡುಕಿದರೂ ಸಿಗದ ಸೋರಿಕೆ ರಾತ್ರಿ ಸೋರುವುದು ಈ ಕಾರಣಕ್ಕೆ. ಮಲಗುವ ಮೊದಲು ಒಣ ಪೇಪರು ಹಾಸಿ, ಬೆಳಗ್ಗೆ ಚಹಾಕ್ಕೆ ನೀರಿಡುವ ಮೊದಲು ಬಗ್ಗಿ ನೋಡು.

ಪೇಪರು ಒದ್ದೆಯಾಗಿದ್ದರೆ ಪೈಪು ಬದಲಿಸಿದ್ದು ಸಾಲದು. ಮನೆಯ ಹಿಂದಿನ ದರೆಯ ಮೇಲೆ ಒಂದು ಸಣ್ಣ ಟ್ಯಾಂಕು ಕೂರಿಸಿ, ಗುಡ್ಡದ ನೀರು ಅದಕ್ಕೆ ಬಿದ್ದು, ಅಲ್ಲಿಂದ ಅಡುಗೆಮನೆಗೆ ಬರುವಂತೆ ಮಾಡು. ಟ್ಯಾಂಕು ತುಂಬಿ ಉಕ್ಕಿದ್ದು ತೋಟಕ್ಕೆ ಹೋಗಲಿ. ಒತ್ತಡ ಅಲ್ಲಿಗೆ ಮುರಿಯುತ್ತದೆ, ನೀರಿನ ಜೊತೆ ಬರುವ ಮರಳು ತರಗೆಲೆಯೂ ಅಲ್ಲೇ ತಳ ಹಿಡಿಯುತ್ತವೆ. ಮಳೆಗಾಲದಲ್ಲಿ ನಲ್ಲಿಯ ವಾಶರುಗಳು ಬೇಗ ಸವೆಯುವುದು ಆ ಮರಳಿನಿಂದ. ಟ್ಯಾಂಕಿನ ಬುಡದ ಗೇಟ್ ವಾಲ್ವನ್ನು ಆಗಾಗ ಒಮ್ಮೆ ತಿರುಗಿಸಿ ಬಿಡು. ವರ್ಷಗಟ್ಟಲೆ ಮುಟ್ಟದ ವಾಲ್ವು ಬೇಕಾದ ದಿನ ತಿರುಗುವುದಿಲ್ಲ.

ಹೋಗುವ ನೀರಿನ ಕಡೆ ಬಾ. ಸಿಂಕಿನಿಂದ ಇಳಿದ ಸುರುಳಿ ಪೈಪನ್ನು ನೆಲದ ತೂತಿಗೆ ಸುಮ್ಮನೆ ತೂರಿಸಿ ಬಿಡುವುದು ನಮ್ಮ ಕಡೆ ಮಾಮೂಲು. ಬೇಸಿಗೆಯಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಮಳೆ ಹಿಡಿದ ಮೇಲೆ ಹೊರಗಿನ ಇಂಗುಗುಂಡಿಯಲ್ಲಿ ನೀರು ಇಂಗಲು ಜಾಗವಿರುವುದಿಲ್ಲ. ಗುಂಡಿ ತುಂಬಿದರೆ ನೀರು ಹಿಂದಕ್ಕೆ ಬಂದು ಆ ತೂತಿನ ಸುತ್ತ ಉಕ್ಕುತ್ತದೆ, ಹಲಗೆಯ ಅಡಿಭಾಗವನ್ನು ನೆನೆಸುತ್ತದೆ. ಹಲಗೆ ಮೇಲಿನಿಂದ ಹಾಳಾಗಿದೆಯೋ ಅಡಿಯಿಂದಲೋ ಎಂದು ನೋಡಿದರೆ ಈ ಗುಟ್ಟು ಹೊರಬೀಳುತ್ತದೆ. ಮೇಲಿನ ಮೈಕಾ ನುಣ್ಣಗಿದ್ದು ಅಡಿಯಲ್ಲಿ ಕಪ್ಪಾಗಿ ಪುಡಿಯಾಗಿದ್ದರೆ ನಲ್ಲಿಯನ್ನು ಬಯ್ಯಬೇಡ, ಗುಂಡಿಯನ್ನು ನೋಡು.

ಇಲಿಯದು ಬೇರೆಯದೇ ಕಥೆ. ಮಳೆ ಶುರುವಾದೊಡನೆ ತೋಟದ ಇಲಿ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುತ್ತದೆ. ಜಿಡ್ಡಿನ ವಾಸನೆಯ ಮೆತ್ತನೆಯ ಸುರುಳಿ ಪೈಪು ಅದಕ್ಕೆ ಬಲು ಇಷ್ಟ. ಪೈಪಿನ ಹಿಂಬದಿಗೆ, ಗೋಡೆಯ ಕಡೆಗೆ, ಬೆರಳಾಡಿಸಿ ನೋಡು. ಅಂಚು ಬಿರುಸಾದ ಸಣ್ಣ ತೂತು ಕೈಗೆ ಸಿಕ್ಕಿದರೆ ಅದು ಹಲ್ಲಿನ ಕೆಲಸ. ಅಂಥ ಪೈಪಿಗೆ ಟೇಪು ಸುತ್ತಿ ತೇಪೆ ಹಾಕಬೇಡ. ಸುರುಳಿ ಪೈಪನ್ನೇ ಕಿತ್ತೊಗೆದು ಗಟ್ಟಿ ಪಿವಿಸಿ ಪೈಪು ಹಾಕಿಸು. ಅಡಿಗೆ ಕಾಲು ಇಂಚಿನಷ್ಟು ಇಳಿಜಾರಿರಲಿ. ನೆಲದ ತೂತಿನ ಸುತ್ತ ಸಿಮೆಂಟು ತುಂಬಲಿ. ಸಿಂಕಿನ ಅಡಿ ಬಾಟಲ್ ಟ್ರ್ಯಾಪ್ ಕೂರಿಸು. ಅದರ ಹೊಟ್ಟೆಯಲ್ಲಿ ಸದಾ ಸ್ವಲ್ಪ ನೀರು ನಿಂತು ಮೋರಿಯ ವಾಸನೆಯನ್ನೂ ಜಿರಳೆಯನ್ನೂ ಆಚೆಗೇ ತಡೆಯುತ್ತದೆ. ಹೊರಗಿನ ಬಾಯಿಗೆ ಸ್ಟೀಲಿನ ಜಾಳಿಗೆ ಕಟ್ಟು. ಜಾಳಿಗೆಯಿಲ್ಲದ ಮನೆಯಲ್ಲಿ ಸಿಂಕಿನಡಿಯ ಬಾಗಿಲು ತೆಗೆದರೆ ಕಪ್ಪೆ ಕೂತಿರುತ್ತದೆ. ಕಪ್ಪೆ ಬಂದ ದಾರಿಯಲ್ಲಿ ಅದನ್ನು ಹುಡುಕಿಕೊಂಡು ಬರುವುದು ಏನು ಎಂದು ನಿನಗೆ ಹೇಳಬೇಕಿಲ್ಲ.

ಪ್ಲಾಸ್ಟಿಕ್ ತಿರುಪುಗಳನ್ನು ಕೈಯಲ್ಲಿ ಬಿಗಿ ಮಾಡಿದರೆ ಸಾಕು. ಪಾನ ಹಾಕಿ ಬಲ ತೋರಿಸಿದರೆ ಸೀಳುತ್ತದೆ, ಆ ಸೀಳು ಬೇಗ ಕಣ್ಣಿಗೂ ಬೀಳುವುದಿಲ್ಲ. ಲೋಹದ ತಿರುಪಿನ ಮರೆಗೆ ಟೆಫ್ಲಾನ್ ಟೇಪು ಸುತ್ತುವಾಗ ಮರೆಯ ತುದಿಯನ್ನು ನಿನ್ನ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತು. ಉಲ್ಟಾ ಸುತ್ತಿದರೆ ತಿರುಪುವಾಗ ಟೇಪು ಬಿಚ್ಚಿಕೊಂಡು ಬರುತ್ತದೆ.

ಇಷ್ಟೆಲ್ಲ ನೋಡಿಯೂ ಪೈಪು ಒಣಗಿದೆ, ಹಲಗೆ ಮಾತ್ರ ಒದ್ದೆ ಎಂದಾದರೆ ಗೋಡೆಯ ಮೇಲೆ ಸಂಶಯ ಪಡು. ಅಡುಗೆಮನೆಯ ಆ ಗೋಡೆ ಪಡುವಣಕ್ಕಿದೆ, ಇರಿಚಲು ನೇರ ಬಡಿಯುವುದು ಅಲ್ಲಿಗೆ. ಚಿರೇಕಲ್ಲು ನೀರು ಕುಡಿಯುವ ಕಲ್ಲು, ಗಾರೆಯಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು. ಒಂದು ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಪಾಟಿನೊಳಗಿನ ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಮರುದಿನ ನೋಡು. ಹಾಳೆಯ ಹಿಂದೆ, ಗೋಡೆಯ ಬದಿಗೆ ಬೆವರಿದ್ದರೆ ನೀರು ಗೋಡೆಯದು. ಮುಂದಿನ ಬದಿಗೆ ಬೆವರಿದ್ದರೆ ಅದು ಅಡುಗೆಮನೆಯ ಗಾಳಿಯ ಪಸೆ. ಮಳೆಗಾಲದಲ್ಲಿ ಅಬ್ಬಿ ನೀರು ತಣ್ಣಗೆ ಕೊರೆಯುತ್ತದೆ, ಅನ್ನ ಬೇಯುವ ಹಬೆ ಮನೆ ತುಂಬ. ಆ ಹಬೆ ಸ್ಟೀಲ್ ಸಿಂಕಿನ ತಣ್ಣನೆಯ ಹೊಟ್ಟೆಗೆ ತಾಗಿ ಹನಿಗಟ್ಟಿ ಕೆಳಗೆ ಬೀಳುತ್ತದೆ. ಇದಕ್ಕೆ ಯಾವ ಪ್ಲಂಬರೂ ಬೇಡ. ಅಡುಗೆ ಮುಗಿದ ಮೇಲೆ ಒಮ್ಮೆ ಒರೆಸಿ ಕಪಾಟಿನ ಬಾಗಿಲನ್ನು ತೆರೆದಿಟ್ಟರೆ ಮುಗಿಯಿತು. ಗೋಡೆಯದಾದರೆ ಹೊರಗಿನಿಂದಲೇ ಕೆಲಸ ಆಗಬೇಕು, ಅದು ಬೇಸಿಗೆಯದು. ಸದ್ಯ ಆ ಕಡೆ ಒಂದು ತಟ್ಟಿ ಕಟ್ಟಿಸು.

ಈಗ ಹಲಗೆಯ ಮಾತು. ಹಲಗೆಯ ಕತ್ತರಿಸಿದ ಅಂಚು ನೋಡಿದರೆ ಅದು ಯಾವ ಜಾತಿಯದು ಎಂದು ತಿಳಿಯುತ್ತದೆ. ಪದರ ಪದರ ಕಂಡರೆ ಪ್ಲೈವುಡ್, ಚೂರುಗಳು ಕಂಡರೆ ಪಾರ್ಟಿಕಲ್ ಬೋರ್ಡ್, ನುಣ್ಣನೆಯ ಕಂದು ಹಿಟ್ಟು ಒತ್ತಿದ್ದು ಕಂಡರೆ ಎಂಡಿಎಫ್. ಕೊನೆಯ ಎರಡಕ್ಕೆ ನೀರು ತಾಗಿ ಉಬ್ಬಿದರೆ ಮುಗಿಯಿತು. ಒತ್ತಿ ಹಿಡಿದಿದ್ದ ಅಂಟು ಬಿಟ್ಟಿರುತ್ತದೆ. ಒಣಗಿದರೂ ಉಬ್ಬು ಇಳಿಯದು, ಬಲ ವಾಪಸು ಬಾರದು. ಅದರ ಮೇಲೆ ಇನ್ನೊಂದು ಮೈಕಾ ಹಾಳೆ ಅಂಟಿಸಿ ಮುಚ್ಚಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ, ಹಣವೂ ಕಡಿಮೆ ಕೇಳುತ್ತಾರೆ. ಒಪ್ಪಬೇಡ. ಅದು ಒದ್ದೆಯನ್ನು ಒಳಗೇ ಕೂಡಿಹಾಕಿ ಬಾಗಿಲು ಹಾಕುವ ಕೆಲಸ. ಮರದ ತೂಕದಲ್ಲಿ ನೀರಿನ ಪಾಲು ನೂರಕ್ಕೆ 20 ದಾಟಿ ನಿಂತರೆ ಕೊಳೆಸುವ ಬೂಷ್ಟಿಗೆ ಅಷ್ಟೇ ಸಾಕು, ಒರಲೆಗೂ ಅದೇ ಆಮಂತ್ರಣ.

ಪ್ಲೈವುಡ್ಡಾದರೆ ತಿರುಪುಳಿಯ ಮೊನೆಯಿಂದ ಅಲ್ಲಲ್ಲಿ ಚುಚ್ಚು. ಗಟ್ಟಿಯಿದ್ದರೆ ಉಳಿಯಬಹುದು. ಮೊನೆ ಸಲೀಸಾಗಿ ಇಳಿದರೆ ಅಷ್ಟು ಭಾಗ ಹೋಯಿತು. ತಳಹಲಗೆ ಒಂದನ್ನೇ ನೋಡಿ ಸುಮ್ಮನಾಗಬೇಡ. ಪಕ್ಕದ ಹಲಗೆಗಳು ನೆಲಕ್ಕೆ ಮುಟ್ಟುವಲ್ಲಿ ನೀರನ್ನು ಮೇಲಕ್ಕೆ ಎಳೆದುಕೊಂಡಿರುತ್ತವೆ. ಇಲ್ಲೊಂದು ಎಚ್ಚರ. ನಿನ್ನ ಕಟ್ಟೆಕಲ್ಲು ಇಟ್ಟಿಗೆ ಗೋಡೆಯ ಮೇಲೆ ನಿಂತಿದೆಯೋ, ಈ ಕಪಾಟಿನ ಹಲಗೆಗಳ ಮೇಲೆಯೋ ಎಂದು ಮೊದಲು ಬಗ್ಗಿ ನೋಡು. ಕಪಾಟಿನ ಮೇಲೆಯೇ ನಿಂತಿದ್ದರೆ ಗಟ್ಟಿ ಊರೆಗಂಬ ಕೊಡದೆ ಪಕ್ಕದ ಹಲಗೆಗೆ ಗರಗಸ ಹಾಕಬಾರದು, ಗ್ರಾನೈಟು ತಲೆಯ ಮೇಲೆ ಬಂದೀತು.

ಹಾಳಾದ ಹಲಗೆಯನ್ನು ಈಗಲೇ ಕಿತ್ತು ಹೊರಗೆ ಹಾಕು, ಅದಕ್ಕೆ ಮಳೆ ಬಿಡುವವರೆಗೆ ಕಾಯಬೇಕಿಲ್ಲ. ಹೊಸದನ್ನು ಮಾತ್ರ ಈಗ ಹಾಕಬೇಡ. ಸದ್ಯ ಅಲ್ಲೊಂದು ಸ್ಟೀಲಿನ ಪರಾತ ಇಟ್ಟು, ಬಾಗಿಲು ತೆರೆದು, ಕರೆಂಟಿದ್ದಾಗ ಟೇಬಲ್ ಫ್ಯಾನು ಹಚ್ಚಿಡು. ಬೇಗ ಒಣಗಲಿ ಎಂದು ಕೆಂಡದ ಶಿಗಡಿ ಒಳಗಿಡುವ ಯೋಚನೆ ಬೇಡ, ಅಡಿಕೆ ಒಣಗಿಸುವ ಹೊಗೆಅಟ್ಟವಲ್ಲ ಅದು. ಗ್ಯಾಸಿನ ಪೈಪು ಪಕ್ಕದಲ್ಲೇ ಇದೆ. ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡ, ಅದರ ಪುಡಿ ಮೂಗಿಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಿನಲ್ಲಿ ಒದ್ದೆ ಮಾಡಿ ಉಜ್ಜು. ಬ್ಲೀಚಿಂಗ್ ಪೌಡರ್ ಹಾಕುತ್ತೀಯಾದರೆ ಅದೊಂದನ್ನೇ ಹಾಕು. ಕಕ್ಕಸು ತೊಳೆಯುವ ಆಸಿಡ್ಡನ್ನು ಅದರ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಷ್ಟು ಸಣ್ಣ ಗೂಡಿನಲ್ಲಿ ತಲೆ ಹಾಕಿ ಕೂತವನಿಗೆ ಅದು ವಿಷ. ಔಷಧಿ ಹೊಡೆದು ಉಳಿದ ಮೈಲುತುತ್ತು ಮನೆಯಲ್ಲಿದೆ ಎಂದು ಅದನ್ನು ಬಳಿಯುವುದೂ ಬೇಡ, ಅದು ತೋಟದ ಸಾಮಾನು.

ಕಾಯಂ ಕೆಲಸಕ್ಕೆ ನವರಾತ್ರಿ ಕಳೆದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು ಸಿಗುವ ಆ ಸಣ್ಣ ಬಿಡುವು ಒಳ್ಳೆಯದು. ಅದು ತಪ್ಪಿದರೆ ಮನೆಯಲ್ಲಿ ಅಡಿಕೆ ರಾಶಿ, ಕೊನೆ ಕೊಯ್ಯುವ ಕೊನೆಗೌಡ, ಸುಲಿಯುವವರ ಊಟ ಉಪಚಾರ. ಅಡುಗೆಮನೆಯನ್ನು ಆಚಾರಿಗೆ ಬಿಟ್ಟುಕೊಡಲು ನಿನ್ನ ಆಯಿ ಒಪ್ಪುವವಳಲ್ಲ. ಶಿವರಾತ್ರಿ ಕಳೆದ ಮೇಲೆ ನೋಡೋಣವೆಂದರೆ ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆ ಬರುತ್ತದೆ, ಆ ದಿನಗಳಲ್ಲಿ ಯಾವ ಕೆಲಸದವನನ್ನೂ ಹುಡುಕುವುದೇ ದಂಡ. ಇನ್ನು ಮುಂದೆ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಾನು ಹೇಳಿದ ಪರೀಕ್ಷೆಗಳನ್ನು ಒಮ್ಮೆ ಮಾಡಿಬಿಡು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲೇ ಹೊರತು ಕೊಳೆ ರೋಗ ಬಂದು ಕಾಯಿ ಉದುರಲು ಶುರುವಾದ ಮೇಲಲ್ಲ. ಸಿಂಕಿನದೂ ಅದೇ ಲೆಕ್ಕ.

ಹೊಸದಾಗಿ ಏನು ಹಾಕುವುದು ಎಂದು ಕೇಳಿದರೆ ನನ್ನ ಮಾತು ಒಂದೇ: ಅಲ್ಲಿಗೆ ಮರವನ್ನೇ ತರಬೇಡ. ಮುಕ್ಕಾಲು ಇಂಚಿನ ಕಡಪ ಕಲ್ಲು ಹಾಕು. ಚಿರೇಕಲ್ಲಿನ ತುಂಡನ್ನೋ ಇಟ್ಟಿಗೆಯನ್ನೋ ಎರಡು ಸಾಲು ನಾಲ್ಕಿಂಚು ಎತ್ತರಕ್ಕೆ ಕಟ್ಟಿಸಿ ಅದರ ಮೇಲೆ ಕಲ್ಲನ್ನು ಹಾಗೇ ಕೂರಿಸು, ಸಿಮೆಂಟಿನಲ್ಲಿ ಬಿಗಿಯಬೇಡ. ಒಂದೇ ದೊಡ್ಡ ಕಲ್ಲಲ್ಲ, ಎರಡು ತುಂಡು. ಎರಡು ಅಡಿಗೆ ಒಂದೂವರೆ ಅಡಿಯ ತುಂಡೇ 14–15 ಕಿಲೊ ತೂಗುತ್ತದೆ. ನಾಳೆ ಪೈಪಿನ ಕೆಲಸ ಬಂದರೆ ಒಬ್ಬನೇ ಎತ್ತಿ ಪಕ್ಕಕ್ಕಿಡುವಂತಿರಬೇಕು. ಹಿಂದಿನಿಂದ ಮುಂದಕ್ಕೆ ಅರ್ಧ ಇಂಚು ಇಳಿಜಾರು ಕೊಡಿಸು. ಗೋಡೆಗೆ ಒತ್ತಿ ಕೂರಿಸದೆ ಬೆರಳು ಹೋಗುವಷ್ಟು ಸಂದು ಬಿಡಿಸು. ಕಲ್ಲಿನ ಅಡಿ ಮುಂಭಾಗ ತೆರೆದಿರಲಿ, ಕಸಬರಿಗೆ ಒಳಗೆ ಆಡಬೇಕು. ಮುಂದಿನ ಅಂಚಿಗೆ ಪಟ್ಟಿ ಹೊಡೆದು ನೀರು ತಡೆಯುವುದು ಅಂಗಡಿಯವರ ಬುದ್ಧಿ. ಸೋರಿದ ನೀರು ಮುಂದಕ್ಕೆ ಹರಿದು ನಿನ್ನ ಕಾಲಿಗೆ ತಾಗಬೇಕು. ಆಗ ಆ ದಿನವೇ ಗೊತ್ತಾಗುತ್ತದೆ. ಪಕ್ಕದ ಹಲಗೆಗಳು ಬುಡದಲ್ಲಿ ಮಾತ್ರ ಹಾಳಾಗಿದ್ದರೆ ಕೆಳಗಿನ ನಾಲ್ಕಿಂಚು ಕತ್ತರಿಸಿ ಅಲ್ಲೂ ಕಲ್ಲಿನ ಪಟ್ಟಿಯನ್ನೇ ಕೊಡು.

ನಿನ್ನ ಹೆಂಡತಿಗೆ ಕಲ್ಲು ಹಳೇ ಕಾಲದ್ದು ಎನಿಸಿದರೆ ಜಗಳ ಮಾಡಬೇಡ, ಪ್ಲೈವುಡ್ಡಿನಲ್ಲೂ ಮಾಡಬಹುದು, ತಿಳಿದು ಮಾಡಬೇಕು ಅಷ್ಟೇ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಎಂದು ಹೇಳಿದ್ದನ್ನು ನಂಬದೆ ಹಲಗೆಯ ಮೇಲಿನ ಐಎಸ್‌ಐ ಗುರುತಿನ ಹತ್ತಿರ 710 ಎಂಬ ಸಂಖ್ಯೆ ಇದೆಯೋ ನೋಡು, ಅದು ಮರೀನ್ ಪ್ಲೈ. 303 ಇದ್ದರೆ ಅದು ಸಾಮಾನ್ಯ ಬಳಕೆಯದು, ಅದರಲ್ಲೂ ಬಿಡಬ್ಲ್ಯುಆರ್ ಎಂದು ಬರೆದದ್ದು ಪರವಾಗಿಲ್ಲ, ಎಂಆರ್ ಎಂದಿದ್ದರೆ ಸಿಂಕಿನಡಿಗೆ ಬೇಡವೇ ಬೇಡ. 710ರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ ನಿಜ, ಆದರೆ ಆ ಪರೀಕ್ಷೆ ಪದರಗಳ ನಡುವಿನ ಅಂಟಿಗೆ. ಮರ ಮರವೇ. ಕತ್ತರಿಸಿದ ಅಂಚು ಬತ್ತಲೆಯಿದ್ದರೆ ನೀರು ಕುಡಿಯುತ್ತದೆ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲೇ ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆ ಇತ್ತು, ಇಲ್ಲಿನ ಕಾಡಿನ ಮರ ಪದರ ಪದರವಾಗಿ ಊರೂರಿಗೆ ಹೋಯಿತು. ಈಗ ನಾವು ತುಂಡು ಹಲಗೆಗೆ ಪೇಟೆಯಲ್ಲಿ ಚೌಕಾಶಿ ಮಾಡುತ್ತೇವೆ. ಇರಲಿ.

ಪೂರ್ತಿ ಹಾಳೆ ಎಂದರೆ ಎಂಟು ಅಡಿಗೆ ನಾಲ್ಕು ಅಡಿ. ನಿನಗೆ ಬೇಕಾದದ್ದು ಅದರ ಕಾಲು ಭಾಗವೂ ಅಲ್ಲ, ಆಚಾರಿಯ ಹತ್ತಿರ ಉಳಿದ ತುಂಡಿದೆಯೋ ಕೇಳು. ಹಳೇ ತಳಹಲಗೆಯ ಸುತ್ತ ಅಂಚು ಗಟ್ಟಿಯಿದ್ದರೆ ಎರಡಿಂಚು ಅಂಚು ಉಳಿಸಿ ನಡುವಿನದನ್ನಷ್ಟೇ ಕತ್ತರಿಸಿ ತೆಗೆಯಲಿ, ಅಂಚಿನ ಅಡಿಗೆ ರೀಪು ಹೊಡೆದು ಅದರ ಮೇಲೆ ಹೊಸ ಹಲಗೆ ಕೂರಲಿ. ಇಲ್ಲೂ ಎರಡು ಹೋಳು, ಪೈಪು ಬರುವಲ್ಲಿ ಅರ್ಧರ್ಧ ತೂತು. ಮೊಳೆ ಬೇಡ, ಸ್ಟೀಲ್ ತಿರುಪು ಇರಲಿ. ಕೂರಿಸುವ ಮೊದಲೇ ನಾಲ್ಕೂ ಅಂಚಿಗೆ, ಅಡಿಗೆ, ಪೈಪಿನ ತೂತಿನ ಸುತ್ತ ಎರಡೆರಡು ಕೈ ಎಪಾಕ್ಸಿಯನ್ನೋ ಆಯಿಲ್ ಪೈಂಟನ್ನೋ ಬಳಿಯಬೇಕು. ಕೂರಿಸಿದ ಮೇಲೆ ಅಡಿಗೆ ಬಳಿಯುವವರು ಯಾರೂ ಇಲ್ಲ. ಇದೊಂದು ಮಾತಿಗೆ ಆಚಾರಿ ಗೊಣಗುತ್ತಾನೆ, ನೀನು ಪಕ್ಕದಲ್ಲಿ ಕೂತು ಬಳಿಸು. ಗೇರೆಣ್ಣೆ ಬಳಿದರೆ ಒರಲೆ ಬಾರದು ಎಂದು ಹೇಳುವವರಿದ್ದಾರೆ. ಮಾಡಿನ ಪಕಾಸಿಗೆ ಸರಿ, ಕೈ ಹಾಕುವ ಅಡುಗೆ ಕಪಾಟಿಗಲ್ಲ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಪಿವಿಸಿ ಬೋರ್ಡ್ ಈಗ ಎಲ್ಲ ಕಡೆ ಸಿಗುತ್ತದೆ. ನೀರಿಗೆ ಅದು ಜಪ್ಪಯ್ಯ ಎನ್ನುವುದಿಲ್ಲ, ಆದರೆ ತಿರುಪು ಗಟ್ಟಿ ಹಿಡಿಯದು, ಭಾರಕ್ಕೆ ಬಾಗುತ್ತದೆ. ಅಡಿಗೆ ಹತ್ತಿರ ಹತ್ತಿರ ರೀಪು ಕೊಟ್ಟರೆ ಅದೂ ಆದೀತು.

ಯಾವುದನ್ನೇ ಹಾಕಿಸು, ಅದರ ಮೇಲೆ ಮತ್ತೆ ಸಾಮಾನು ಒಟ್ಟಬೇಡ. ಫಿನಾಯಿಲು, ಪುಡಿ ಎರಡು ಡಬ್ಬಿ ಸಾಕು, ಅದೂ ಒಂದು ಟ್ರೇಯಲ್ಲಿ. ಬಾಗಿಲಿಗೆ ಮೇಲೆ ಕೆಳಗೆ ಗಾಳಿಕಂಡಿ ಕೊರೆಸು, ಇಲ್ಲವಾದರೆ ಜಾಳಿಗೆಯ ಬಾಗಿಲನ್ನೇ ಮಾಡಿಸು. ಪ್ಲಾಸ್ಟಿಕ್ ಕೊಟ್ಟೆಯ ಗಂಟಿಗೆ ಬೇರೆ ಜಾಗ ಹುಡುಕಿಕೊ ಎಂದು ಆಯಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ.

ನಿನ್ನ ಮಾವ ಬರುವ ವಾರ ಅಡಿಕೆ ಹಾಕಲು ಶಿರಸಿಗೆ, ಟಿಎಸ್‌ಎಸ್ ಸೊಸೈಟಿಗೆ, ಹೋಗುವವರಿದ್ದಾರೆ. ಬರುವಾಗ ಗಾಡಿ ಖಾಲಿ. ಕಲ್ಲೇ ಆಗಲಿ ಎಂದಾದರೆ ಅಳತೆಯನ್ನು ಅಷ್ಟರೊಳಗೆ ಕಳಿಸು. ತಂದದ್ದು ದೀಪಾವಳಿಯ ತನಕ ನಮ್ಮ ಜಗುಲಿಯಲ್ಲಿ ಒರಗಿರುತ್ತದೆ, ಕಲ್ಲಿಗೇನು ಕೊಳೆಯುವ ಭಯವೇ. ಒಳಗಿನ ಅಗಲವನ್ನು ಹಿಂದೆ ಒಮ್ಮೆ, ಮುಂದೆ ಒಮ್ಮೆ ಬೇರೆ ಬೇರೆ ಅಳೆ. ಗೋಡೆ ನೆಟ್ಟಗಿರುವುದಿಲ್ಲ, ಎರಡರಲ್ಲಿ ಕಡಿಮೆಯದನ್ನು ಬರೆ. ಪೈಪು ಎಡಗೋಡೆಯಿಂದ ಎಷ್ಟು, ಹಿಂದಿನ ಗೋಡೆಯಿಂದ ಎಷ್ಟು ಎಂಬುದನ್ನು ಒಂದು ಹಾಳೆಯ ಮೇಲೆ ಗೀಚಿ ಫೋಟೊ ತೆಗೆದು ಕಳಿಸು. ಕಲ್ಲು ಕೊಯ್ಯುವವನಿಗೆ ಬಾಯಿಮಾತಿನ ಲೆಕ್ಕ ಆಗುವುದಿಲ್ಲ.